ಕರುಳು ಹೊಲಿದ ಕೈ

೧೨ ನವೆಂಬರ್ ೧೯೩೪, ಅಂಕೋಲೆ. ಬೆಳಿಗ್ಗೆ

ಇವತ್ತೂ ಅದೇ. ಚಾ ಕುಡಿಯುವ ಮೊದಲು ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಎಡಗೈ ಬೆರಳಿನಿಂದ ಮಣಿಕಟ್ಟಿನ ಕೆಳಗೆ ತಟ್ಟುತ್ತ ಬರುವುದು. ಗಾಯದ ಕಲೆ ದಾಟಿ ಅಂಗೈಯ ಬುಡದಲ್ಲಿ ಜುಮ್ಮೆಂದಿತು. ಹೋದ ವಾರಕ್ಕಿಂತ ಒಂದಿಷ್ಟು ಮುಂದೆ. ಕತ್ತರಿಸಿದ ನರ ಮತ್ತೆ ಬೆಳೆಯುತ್ತಿದೆ ಎನ್ನುವುದಕ್ಕೆ ಇರುವ ಗುರುತು ಇದೊಂದೇ. ಬಸವನಹುಳು ಇದಕ್ಕಿಂತ ಚುರುಕು.

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಮೊದಲನೇ ಇಯತ್ತೆಯ ಮಕ್ಕಳದ್ದರ ಹಾಗೆ. ಯಾರಿಗೂ ತೋರಿಸಬೇಕಾಗಿಲ್ಲ, ಅಷ್ಟೇ ಸಮಾಧಾನ.

ಸಲೈನ್ ಕಾಯಿಸುವ ಗಾಜಿನ ಬುರುಡೆ ಒಡೆದದ್ದು ಚೌತಿಯ ಮರುದಿನ. ಬೀಳುವುದನ್ನು ಹಿಡಿಯಲು ಹೋದೆ. ಮಣಿಕಟ್ಟು ಸೀಳಿ ನಡುವಿನ ನರ ತುಂಡಾಯಿತು. ಕಾರವಾರದಲ್ಲಿ ತುಳಸಿದಾಸ ಹೊಲಿದ. ನನಗಿಂತ ತೀರ ಚಿಕ್ಕವನು, ಮುಂಬಯಿಯಲ್ಲಿ ಕಲಿತು ಬಂದ ಸರ್ಜನ್. ತೋಳಿಗಷ್ಟೇ ಮದ್ದು ಚುಚ್ಚಿದ್ದ, ನನಗೆ ಎಚ್ಚರವಿತ್ತು. ನೋಡಬೇಡಿ ಎಂದ. ನೋಡಿದೆ. ನರದ ಎರಡು ತುದಿಗಳು ದಪ್ಪ ಶಾವಿಗೆಯ ಹಾಗೆ ಬೆಳ್ಳಗೆ ಕಂಡವು. ಕೂದಲಿನಷ್ಟು ಸಣ್ಣ ರೇಷ್ಮೆ ದಾರ. ಸೂಜಿ ಹೊರಗಿನ ಸಿಪ್ಪೆಗೆ ಮಾತ್ರ ಹೋಗಬೇಕು, ಒಳಗಿನ ಎಳೆಗಳನ್ನು ಮುಟ್ಟಬಾರದು. ಆ ಎಳೆಗಳು ತಾವೇ ದಾರಿ ಹುಡುಕಿಕೊಂಡು ಬೆರಳಿನ ತುದಿಯವರೆಗೆ ನಡೆಯಬೇಕು.

"ಒಂದಿಷ್ಟೂ ತಿರುಚದೆ ಎದುರುಬದುರು ಕೂಡಿಸಿದ್ದೇನೆ, ರಾಮನಾಥರಾವ್" ಎಂದ.

ನನಗೆ ಸ್ವಲ್ಪ ತಿರುಚಿದ ಹಾಗೇ ಕಂಡಿತ್ತು. ಹೇಳಲಿಲ್ಲ. ಮಲಗಿದವನು ಸರ್ಜನ್ನನೇ ಆದರೂ ಅವನ ಮಾತಿಗೆ ಬೆಲೆ ಎಷ್ಟು?

೩ ಡಿಸೆಂಬರ್

ಆಸ್ಪತ್ರೆಯ ಕಮಿಟಿ ಸೇರಿತ್ತು. ಇನ್ನು ಮೇಲೆ ಮಂಗಳವಾರಕ್ಕೊಮ್ಮೆ ತುಳಸಿದಾಸ ಕಾರವಾರದಿಂದ ಸರ್ವಿಸ್ ಮೋಟಾರಿನಲ್ಲಿ ಬಂದು ಆಪರೇಶನ್ ಮಾಡುತ್ತಾನೆ. ಉಳಿದ ದಿನ ನಾನು ನಾಲಿಗೆ ನೋಡಿ ಚಳಿಜ್ವರಕ್ಕೆ ಕ್ವಿನೈನ್ ಕೊಡಿಸುವುದು.

ಅಧ್ಯಕ್ಷರು ಬೆನ್ನು ತಟ್ಟಿದರು. "ಕೈ ಬರೂ ತನಕ ತ್ರಾಸು ತಕೊಳ್ಬೇಡಿ, ಡಾಕ್ಟರ್ರೆ. ಬರದೇ ಹೋದ್ರೆ ಆಮೇಲೆ ನೋಡುವಾ."

ಆ 'ನೋಡುವಾ'ದ ಅರ್ಥ ಗೊತ್ತಿದೆ.

ನರ್ಸ್ ಹೀರಾಬಾಯಿ ಮಾತ್ರ ಏನೂ ಸಮಾಧಾನ ಹೇಳುವುದಿಲ್ಲ. ಹಣಕೋಣದವಳು, ಮಿರಜದಲ್ಲಿ ತರಬೇತಿಯಾದವಳು. ಇಷ್ಟು ವರ್ಷ ನನ್ನ ಎದುರು ನಿಂತು ಕತ್ತರಿ, ಸೂಜಿ ಕೊಟ್ಟವಳು. ದಿನಾ ಮಧ್ಯಾಹ್ನ ನನ್ನ ಹೆಬ್ಬೆರಳನ್ನು ಹಿಡಿದು ಕಿರುಬೆರಳಿನ ಕಡೆಗೆ ಎಳೆಯುತ್ತಾಳೆ. ತಾನಾಗಿ ಬರುವುದಿಲ್ಲ ಅದು. ಎಳೆದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ.

೧೮ ಫೆಬ್ರವರಿ ೧೯೩೫

ಬಹಳ ದಿನ ಬರೆಯಲಿಲ್ಲ. ಬರೆಯಲು ಏನಿತ್ತು?

ಇವತ್ತು ಸ್ಟವ್ ಮೇಲಿನ ಪಾತ್ರೆ ಇಳಿಸಿದೆ. ಸುಟ್ಟ ಚರ್ಮದ ವಾಸನೆ ಬಂತು. ಎಲ್ಲಿಂದ ಎಂದು ಸುತ್ತ ನೋಡಿದೆ. ನನ್ನದೇ ತೋರುಬೆರಳು. ನೋವೇ ಇಲ್ಲ.

೨೬ ಮಾರ್ಚ್

ಮುಟ್ಟಿದ್ದು ತಿಳಿಯಿತು. ಹೀರಾಬಾಯಿ ಹತ್ತಿಯ ಎಳೆಯಿಂದ ನಡುಬೆರಳನ್ನು ಸವರಿದಳು. ನಾನು ಕಣ್ಣು ಮುಚ್ಚಿದ್ದೆ. "ತೋರುಬೆರಳು" ಎಂದೆ ಸಂತೋಷದಿಂದ.

ಆಕೆ ಮತ್ತೆ ಸವರಿದಳು. ಮತ್ತೆ ತೋರುಬೆರಳೇ ಎಂದೆ. ಕಣ್ಣು ಬಿಟ್ಟು ನೋಡಿದರೆ ಹತ್ತಿ ನಡುಬೆರಳ ಮೇಲಿತ್ತು.

ನರ ಬಂದಿದೆ. ಎಳೆಗಳು ದಾರಿ ತಪ್ಪಿ ಬಂದಿವೆ. ತೋರುಬೆರಳಿಗೆ ಹೋಗಬೇಕಾದವು ನಡುಬೆರಳಿಗೆ ಹೋಗಿ ಕೂತಿವೆ. ಹೊಲಿಗೆಯಲ್ಲಿ ನರ ಒಂದಿಷ್ಟು ತಿರುಗಿದ್ದರೂ ಹೀಗಾಗುತ್ತದೆ, ತಿರುಗದಿದ್ದರೂ ಆಗುತ್ತದಂತೆ. ತುಳಸಿದಾಸ ಹಾಗೆ ಹೇಳಿದ. ಹೇಳದೆ ಏನು ಮಾಡುತ್ತಾನೆ.

೧೧ ಏಪ್ರಿಲ್, ಸಂಜೆ

ಸ್ನಾನ ಮಾಡಿ ಕೂತೆ. ಆದದ್ದನ್ನೆಲ್ಲ ಬರೆಯುತ್ತೇನೆ.

ಹನ್ನೊಂದರ ಸುಮಾರಿಗೆ ಹಿಲ್ಲೂರಿನಿಂದ ಒಬ್ಬನನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತಂದರು. ಹುಲಿಯಾ ಅಂತ ಹೆಸರು, ಹಾಲಕ್ಕಿ ಒಕ್ಕಲಿಗ. ಬೆಳಗಿನ ಜಾವ ಕಾಡಹಂದಿ ಹಾಯ್ದಿದೆ. ಹೆಂಡತಿ ಸುಕ್ರಿ ಹೊಟ್ಟೆಗೆ ತನ್ನ ಸೀರೆಯ ತುಂಡು ಕಟ್ಟಿ ತಂದಿದ್ದಳು. ಬಿಚ್ಚಿದರೆ ಕರುಳು ಹೊರಗೆ, ಒಂದು ಕಡೆ ಪೂರಾ ಹರಿದಿದೆ, ಪಕ್ಕದಲ್ಲೇ ಇನ್ನೊಂದು ತೂತು.

"ಉಸ್ರು ಅದೆ ಒಡ್ಯಾ. ದಾರೀಲಿ ನೀರು ಕೇಳ್ದ, ನಾ ಕೊಡ್ಲಿಲ್ಲ" ಎಂದಳು ಸುಕ್ರಿ.

"ಕೊಡದೇ ಇದ್ದದ್ದು ಒಳ್ಳೇದಾಯ್ತು" ಎಂದೆ.

ಗುರುವಾರ. ತುಳಸಿದಾಸ ಬರುವುದು ಇನ್ನು ಮಂಗಳವಾರ. ಮೋಟಾರು ಸಂಜೆಗೆ. ಆ ರಸ್ತೆಯಲ್ಲಿ ಕುಲುಕಿದರೆ ಕಾರವಾರ ಮುಟ್ಟುವ ಮೊದಲೇ ಮುಗಿಯುತ್ತದೆ. ಕಂಪೌಂಡರ್ ಮಂಗೇಶ ನನ್ನ ಮುಖ ನೋಡಿದ. ನಾನು ನನ್ನ ಕೈ ನೋಡಿದೆ.

"ಕ್ಲೋರೋಫಾರ್ಮ್ ಕೊಡು" ಎಂದೆ.

ಎಡಗೈಯಲ್ಲಿ ಹೊಟ್ಟೆ ತೆರೆದೆ. ಎಡಗೈಯಲ್ಲೇ ಹಾಳಾದ ತುಂಡು ಕತ್ತರಿಸಿ ತೆಗೆದೆ. ಕತ್ತರಿಸುವುದಕ್ಕೆ ಏನು, ಯಾವ ಕೈಯಾದರೂ ಆದೀತು. ಉಳಿದ ಎರಡು ತುದಿಗಳನ್ನು ಎದುರುಬದುರು ತಂದು, ಸೂಜಿಯನ್ನು ಬಲಗೈಗೆ ತೆಗೆದುಕೊಂಡೆ. ಇಷ್ಟು ತಿಂಗಳು ಇದಕ್ಕಾಗಿಯೇ ಕಾದದ್ದು.

ಹೆಬ್ಬೆರಳು ಎದುರಿಗೆ ಬರಲಿಲ್ಲ. ಸೂಜಿ ಜಾರಿತು. ಮತ್ತೆ ಹಿಡಿದೆ. ಹಿಡಿದಿದ್ದೇನೆ ಅಂದುಕೊಂಡೆ, ಬೆರಳ ನಡುವೆ ಸೂಜಿಯೇ ಇರಲಿಲ್ಲ. ಹೊಟ್ಟೆಯೊಳಗೆ ಬಿದ್ದಿತ್ತು. ಹೀರಾಬಾಯಿ ಹುಡುಕಿ ತೆಗೆದಳು. ನನಗೆ ಕೊಡಲು ಕೈ ಚಾಚಿದಳು.

"ನೀವೇ ಹಾಕಿ" ಎಂದೆ.

"ನಾನಾ?"

"ನಾನು ಹೇಳ್ತೇನೆ. ನೀವು ಹಾಕಿ."

ಒಂದು ಕ್ಷಣ ಮಂಗೇಶನ ಕಡೆ ನೋಡಿದಳು. ಅವನು ರೋಗಿಯ ಮುಖದ ಮೇಲಿನ ಬಟ್ಟೆಯಿಂದ ಕಣ್ಣೆತ್ತಲಿಲ್ಲ. ಆಮೇಲೆ ಆಕೆ ನನ್ನ ಜಾಗಕ್ಕೆ ಬಂದಳು. ನಾನು ಆಕೆಯ ಜಾಗಕ್ಕೆ ಹೋದೆ.

ಒಳಗಿನ ಸಾಲು ತಾನೇ ಕರಗುವ ಕ್ಯಾಟ್‌ಗಟ್ ದಾರದಲ್ಲಿ, ಬಿಡದೆ ಓಡುವ ಹೊಲಿಗೆ. ಹೊರಗಿನ ಸಾಲು ರೇಷ್ಮೆಯಲ್ಲಿ, ಬಿಡಿ ಬಿಡಿ. ಕರುಳಿನ ಹೊರಮೈಗೆ ಹೊರಮೈ ತಾಗಬೇಕು, ಒಳಗಿನ ಲೋಳೆ ಎಲ್ಲೂ ಇಣುಕಬಾರದು. ಹೊರಮೈ ಹೊರಮೈಗೆ ತಾಗಿದರೆ ಸಂಜೆಯೊಳಗೆ ಅಂಟುತ್ತದೆ. ಲೋಳೆ ಇಣುಕಿದರೆ ಸೋರುತ್ತದೆ, ಸೋರಿದರೆ ಸಾವು.

"ಆಳ ಹೋಗ್ಬೇಡಿ. ಸಿಪ್ಪೆಯಲ್ಲೇ ಹೋಗಿ ಸಿಪ್ಪೆಯಲ್ಲೇ ಬರಲಿ."

"ಹೂಂ."

"ಎಳೆದದ್ದು ಜಾಸ್ತಿ ಆಯ್ತು. ಬಿಗಿದ್ರೆ ರಕ್ತ ಓಡೂದಿಲ್ಲ, ಆ ಜಾಗ ಸಾಯ್ತದೆ."

"ಬಿಗಿ ಇಲ್ಲ ಡಾಕ್ಟರ್. ನಂಗೆ ಗೊತ್ತಾಗ್ತದೆ."

ಆಕೆಗೆ ಗೊತ್ತಾಗುತ್ತಿತ್ತು. ಬೆರಳಿಗೆ. ನಾನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ. ಬರೆದಾಯಿತು, ಇರಲಿ.

ಕೊನೆಗೆ ಹೊಲಿಗೆಯ ಜಾಗವನ್ನು ಹೊರಗಿನಿಂದ ಚಿವುಟಿ ನೋಡಲು ಹೇಳಿದೆ. ಒಳದಾರಿ ಇದೆಯೇ?

"ಬೆರಳ ತುದಿ ಹೋಗೂವಷ್ಟು ಅದೆ" ಎಂದಳು.

ಹೊಟ್ಟೆ ಮುಚ್ಚಿದೆವು. ಆಕೆ ಹೊರಗೆ ಹೋಗಿ ಬಾವಿಕಟ್ಟೆಯ ಹತ್ತಿರ ವಾಂತಿ ಮಾಡಿ ಬಂದು, ಪಾತ್ರೆ ತೊಳೆಯಲು ಕೂತಳು.

ಅಧ್ಯಕ್ಷರು ಓಡಿ ಬಂದರು. "ಯಾರು ಮಾಡಿದ್ದು?"

"ನಾನು" ಎಂದೆ. ನರ್ಸು ಹೊಟ್ಟೆಯೊಳಗೆ ಸೂಜಿ ಹಾಕಿದಳೆಂದರೆ ಆಕೆಯ ನೌಕರಿ ಹೋಗುತ್ತದೆ. ಅದಕ್ಕೇ ಹಾಗೆ ಹೇಳಿದೆ.

ಹೀರಾಬಾಯಿ ತಲೆ ಎತ್ತಿ ನೋಡಿದಳು, ಮತ್ತೆ ಪಾತ್ರೆ ತೊಳೆದಳು.

೧೩ ಏಪ್ರಿಲ್

ಹುಲಿಯಾನಿಗೆ ಜ್ವರ. ಹೊಟ್ಟೆ ಉಬ್ಬಿದೆ. ಬಾಯಿಗೆ ಹನಿ ನೀರೂ ಇಲ್ಲ, ತೊಡೆಯ ಚರ್ಮದಡಿ ಸಲೈನ್. ಸೋರುತ್ತಿದೆಯೋ ಅಂಟುತ್ತಿದೆಯೋ. ಹೊರಗಿನಿಂದ ಯಾರಿಗೆ ತಿಳಿಯುತ್ತದೆ?

೧೫ ಏಪ್ರಿಲ್

ಬೆಳಿಗ್ಗೆ ವಾರ್ಡಿಗೆ ಕಾಲಿಡುವಾಗಲೇ ಸುಕ್ರಿ ಎದುರು ಬಂದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಹೋದ ಅಂದುಕೊಂಡೆ.

"ಹೂಸು ಬಿಟ್ಟ ಒಡ್ಯಾ. ದೊಡ್ಡದು" ಎಂದಳು.

ವಾರ್ಡಿಡೀ ನಕ್ಕಿತು. ಹುಲಿಯಾನೂ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. ಕರುಳು ನಡೆಯುತ್ತಿದೆ. ಹೀರಾಬಾಯಿ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ನಿಂತಿದ್ದಳು.

೨೯ ಏಪ್ರಿಲ್

ಹುಲಿಯಾ ನಡೆದುಕೊಂಡೇ ಊರಿಗೆ ಹೋದ. ಅಧ್ಯಕ್ಷರು ಎಲ್ಲರೆದುರು ನನಗೆ ಮಾಲೆ ಹಾಕಿದರು. "ನಮ್ಮ ಡಾಕ್ಟರ್ರ ಕೈ ಬಂತು." ಸುಕ್ರಿ ನನ್ನ ಕಾಲು ಮುಟ್ಟಿದಳು. ಹೀರಾಬಾಯಿ ಪಕ್ಕದಲ್ಲೇ ನಿಂತಿದ್ದಳು. ಮಾಲೆ ತೆಗೆದು ಆಕೆಗೆ ಕೊಡಬಹುದಿತ್ತು. ಮಲ್ಲಿಗೆ. ಚೆನ್ನಾಗಿತ್ತು.

ಆಪರೇಶನ್ ಕೆಲಸವನ್ನು ಮತ್ತೆ ನನಗೇ ಕಾಯಂ ಮಾಡಲು ಒಬ್ಬ ದೊಡ್ಡ ಸರ್ಜನ್ನರ ಮಾತು ಬೇಕಂತೆ. ಕಾರವಾರದಲ್ಲಿ ಹವೆಗಾಗಿ ಬಂದು ಉಳಿದಿರುವ ನಿವೃತ್ತ ಮಿಲಿಟರಿ ಕರ್ನಲ್ ಒಬ್ಬರಿದ್ದಾರೆ. ಅವರನ್ನು ಕರೆಸುತ್ತಾರೆ.

೬ ಮೇ

ಕರ್ನಲ್ ಮೊದಲು ಹಿಲ್ಲೂರಿನಿಂದ ಕರೆಸಿದ್ದ ಹುಲಿಯಾನ ಹೊಟ್ಟೆ ನೋಡಿದರು. ಒತ್ತಿ ನೋಡಿದರು. ಏನೇನು ಉಣ್ಣುತ್ತಾನೆ ಎಂದು ಕೇಳಿಸಿದರು. "ಉತ್ತಮ ಕೆಲಸ" ಎಂದರು, ಮರಾಠಿಯಲ್ಲಿ. ಆಮೇಲೆ ನನ್ನನ್ನು ಕೂರಿಸಿದರು. ಮಹಾಯುದ್ಧದಲ್ಲಿ ನೂರಾರು ನರ ಹೊಲಿದವರು. ಅವರಿಗೆ ಸುಳ್ಳು ಹೇಳಬಾರದಿತ್ತು.

"ಕಣ್ಣು ಮುಚ್ಚಿ."

ಮುಚ್ಚಿದೆ. ಗುಂಡುಸೂಜಿ. "ಎಲ್ಲಿ?"

"ತೋರುಬೆರಳು."

"ಈಗ?"

"ತೋರು... ನಡುಬೆರಳು."

ಅಧ್ಯಕ್ಷರೂ ಹೀರಾಬಾಯಿಯೂ ಪಕ್ಕದಲ್ಲೇ ನಿಂತಿದ್ದರು. ಊಹೆಯ ಮೇಲೆ ಹೇಳುತ್ತಿದ್ದೆ, ಅದು ಅವರಿಗೆ ತಿಳಿಯಿತು. ಆಮೇಲೆ ಮೇಜಿನ ಮೇಲೆ ಅದೇ ಸೂಜಿ ಇಟ್ಟು, ಕಣ್ಣು ಮುಚ್ಚಿಯೇ ಎತ್ತಲು ಹೇಳಿದರು. ಮೇಜು ತಡಕಿದೆ. ಎತ್ತಿದೆ ಅಂದುಕೊಂಡು ಕೈ ಚಾಚಿದೆ. ಕಣ್ಣು ಬಿಟ್ಟರೆ ಬೆರಳಲ್ಲಿ ಏನೂ ಇಲ್ಲ.

ಕರ್ನಲ್ ಸಿಟ್ಟಾಗಲಿಲ್ಲ. "ಈ ಕೈ ಆ ಕರುಳನ್ನು ಹೊಲಿದಿಲ್ಲ" ಎಂದರು ಅಷ್ಟೇ. "ಯಾರು ಹೊಲಿದರು?"

ನಾನು ಬಾಯಿ ತೆರೆಯುವ ಮೊದಲೇ ಹೀರಾಬಾಯಿ ಹೇಳಿದಳು. "ನಾನು."

ಕರ್ನಲ್ ಆಕೆಗೆ ಕೈ ತೋರಿಸಲು ಹೇಳಿದರು. ತಿರುಗಿಸಿ ಮುರುಗಿಸಿ ನೋಡಿದರು. ತಲೆ ಆಡಿಸಿದರು. ಹೊರಡುವಾಗ ಅಧ್ಯಕ್ಷರಿಗೆ ಇಂಗ್ಲಿಷಿನಲ್ಲಿ ಹೇಳಿದರು, ಈ ಹೆಂಗಸನ್ನು ಬಿಡಬೇಡಿ ಎಂದು.

ಮೋಟಾರು ತಿರುವು ದಾಟಿದ ಮೇಲೆ ಅಧ್ಯಕ್ಷರು ಆಕೆಯ ಕಡೆ ತಿರುಗಿದರು. "ಹೆಂಗಸು ಗಂಡಸಿನ ಹೊಟ್ಟೆ ಒಳಗೆ ಕೈ ಹಾಕಿದ್ದು ಅಂತ ಊರಿಗೆ ಗೊತ್ತಾದ್ರೆ, ಯಾರು ಬರ್ತಾರೆ ಇಲ್ಲಿ? ನಾಳೆ ಒಂದು ಸತ್ರೆ ಕಮಿಟಿಯೋರು ಜೇಲಿಗೆ ಹೋಗೂದಾ?"

"ಅಂವ ಸಾಯ್ಲಿಲ್ಲಲ್ಲ" ಎಂದಳು ಹೀರಾಬಾಯಿ.

"ಅದು ದೇವರ ದಯ. ನೀವು ನಾಳೆಯಿಂದ ಬರೂದು ಬೇಡ."

"ನಾನೇ ಹೇಳಿ ಮಾಡಿಸಿದ್ದು" ಎಂದೆ.

"ನಿಮ್ದು ಆಮೇಲೆ ನೋಡುವಾ."

೧೦ ಮೇ

ನೋಡಿದರು. ಹೊರರೋಗಿಗಳಿಗೆ ನಾನೇ ಇರಬಹುದಂತೆ. ಕ್ವಿನೈನ್, ಕೆಮ್ಮಿನ ಔಷಧಿ, ಕಜ್ಜಿಯ ಮುಲಾಮು.

ರಾಜೀನಾಮೆ ಕೊಡುತ್ತೇನೆಂದು ಮಂಗೇಶನ ಎದುರು ಹೇಳಿದ್ದೆ. ಕೊಡಲಿಲ್ಲ. ಮಂಗೇಶನೂ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

೭ ಜುಲೈ, ಭಾನುವಾರ

ಹಣಕೋಣಕ್ಕೆ ಹೋಗಿ ಬಂದೆ. ಕಾರವಾರದವರೆಗೆ ಮೋಟಾರು, ಕಾಳಿ ನದಿಯಲ್ಲಿ ದೋಣಿ. ಹೊಳೆ ತುಂಬಿ ಕೆಂಪಾಗಿತ್ತು, ಅಂಬಿಗ ಬೈಯುತ್ತಲೇ ದಾಟಿಸಿದ.

ಹೀರಾಬಾಯಿ ಅಣ್ಣನ ಗದ್ದೆಯಲ್ಲಿ ನಟ್ಟಿ ಮಾಡುತ್ತಿದ್ದಳು. ಮೊಣಕಾಲವರೆಗೆ ಕೆಸರು, ತಲೆಯ ಮೇಲೆ ಮಳೆಗೆ ಕಂಬಳಿಯ ಕೊಪ್ಪೆ. ನನ್ನನ್ನು ನೋಡಿ ಬದುವಿಗೆ ಬಂದಳು. ಕೂತ್ಕೊಳ್ಳಿ ಎನ್ನಲಿಲ್ಲ. ಕೂರಲು ಒಣಜಾಗವೂ ಇರಲಿಲ್ಲ.

ಮಿರಜದಲ್ಲಿ, ಬೆಳಗಾವಿಯಲ್ಲಿ ಕೆಲಸ ಕೇಳಿದಳಂತೆ. ಇಲ್ಲಿಯ ಕಮಿಟಿಯವರಿಗೆ ಬರೆದು ವಿಚಾರಿಸಿದ ಮೇಲೆ ಅಲ್ಲೆಲ್ಲ ಸುಮ್ಮನಾದರಂತೆ.

"ನಾನೇ ಮಾಡಿದ್ದು ಅಂತ ಹೇಳಿದ್ದು ನಿಮ್ಮನ್ನು ಉಳಿಸ್ಲಿಕ್ಕೆ" ಎಂದೆ.

ಆಕೆ ಅಂಗೈಯ ಕೆಸರನ್ನು ಹುಲ್ಲಿಗೆ ಒರೆಸಿದಳು. "ನಂಗೆ ಕೇಳಿದ್ರಾ ನೀವು?"

ನಾನು ಕೊಡೆಯನ್ನು ಆಕೆಯ ಕಡೆಗೂ ಚಾಚಿದೆ.

"ಆವತ್ತೇ ಖರೆ ಹೇಳಿದ್ರೆ, ಬೇರೆ ದಾರಿ ಇರಲಿಲ್ಲ, ನಾನೇ ನಿಂತು ಮಾಡಿಸಿದೆ ಅಂತ ಹೇಳಿದ್ರೆ, ಒಂದು ಬೈಗಳ ತಿಂದು ಮುಗೀತಿತ್ತು. ಸುಳ್ಳು ಹೇಳಿದ್ಕೆ ನಾನು ಕಳ್ಳಿ ಆದೆ. ಅದೂ ನನ್ನ ಉಳಿಸುಕೆ ಅಲ್ಲ, ಡಾಕ್ಟರ್. ನಿಮ್ಮ ಕೈ ಉಳಿಸುಕೆ."

"ಹಾಗಲ್ಲ ಹೀರಾಬಾಯಿ..."

"ಮಾಲೆ ಹಾಕುವಾಗ ನಾ ನಿಮ್ಮ ಮುಖ ನೋಡಿದ್ದೆ."

ಮಳೆ ಜೋರಾಯಿತು. ಆಕೆ ಮತ್ತೆ ಗದ್ದೆಗೆ ಇಳಿದಳು. ಸಸಿಯ ಕಟ್ಟಿನಿಂದ ಒಂದೊಂದೇ ಎಳೆದು ಹೆಬ್ಬೆರಳಿನಿಂದ ಕೆಸರಿಗೆ ಒತ್ತುತ್ತ ಹಿಂದೆ ಹಿಂದೆ ಹೋದಳು. ಆ ಬೆರಳುಗಳನ್ನು ನೋಡುತ್ತ ದೋಣಿಯ ಹೊತ್ತು ಮೀರುವವರೆಗೆ ನಿಂತಿದ್ದೆ.

೧೮ ಜುಲೈ, ಮಧ್ಯಾಹ್ನ

ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಕಾರವಾರ ರಸ್ತೆಗೆ ಮರ ಬಿದ್ದು ಮೋಟಾರು ಬಂದ್. ಮಂಗಳವಾರ ತುಳಸಿದಾಸ ಬರಲಿಲ್ಲ.

ಈಗಷ್ಟೇ ಬೆಳಂಬಾರದ ಸೋಮಿ ಎಂಬ ಹೆಂಗಸನ್ನು ತಂದರು. ತೊಡೆಯ ಸಂದಿನಲ್ಲಿ ಗಂಟು, ನಿನ್ನೆಯಿಂದ ವಾಂತಿ. ಕರುಳು ಇಳಿದು ಸಿಕ್ಕಿಕೊಂಡಿದೆ. ಮೇಲಿನ ಚರ್ಮ ಕೆಂಪು ಹೋಗಿ ನೀಲಿ ಆಗುತ್ತಿದೆ. ಒಳಗೆ ಕರುಳು ಆಗಲೇ ಸತ್ತಿರಬೇಕು. ಗಂಡ ಬೊಮ್ಮು ಬಾಗಿಲಲ್ಲೇ ಕೂತಿದ್ದಾನೆ. "ಹಿಲ್ಲೂರು ಹುಲಿಯಾಗೆ ಮಾಡಿದ್ರಲ್ಲ, ಹಂಗೇ ಮಾಡಿ ಒಡ್ಯಾ" ಎನ್ನುತ್ತಾನೆ.

ಹೀರಾಬಾಯಿಯ ಜಾಗಕ್ಕೆ ಬಂದ ನರ್ಸು ಕಮಿಟಿಯವರ ಕಡೆಯವಳು, ರಕ್ತ ಕಂಡರೆ ಮುಖ ತಿರುಗಿಸುತ್ತಾಳೆ. ಕ್ಲೋರೋಫಾರ್ಮ್ ತಯಾರು ಮಾಡಲೇ ಎಂದು ಮಂಗೇಶ ಎರಡು ಸಲ ಬಂದು ಕೇಳಿದ. ಹೂಂ ಎಂದು ಕಳಿಸಿದೆ.

ಸತ್ತ ಕರುಳನ್ನು ಕತ್ತರಿಸಿ ತೆಗೆಯಲು ನನ್ನ ಎಡಗೈ ಸಾಕು. ಕೂಡಿಸುವ ಬೆರಳುಗಳು ತುಂಬಿದ ಹೊಳೆಯಾಚೆ, ಗದ್ದೆಯ ಕೆಸರಿನಲ್ಲಿವೆ.