ವೀಕ್ ಆಸಿಡ್ ಅಷ್ಟೇ

ಮಂಗಳವಾರ, ಫೆಬ್ರವರಿ 13

ಹನ್ನೊಂದನೇ ತರಗತಿಯ ಪೇಪರು ಇನ್ನೂ ಮುಗೀಲಿಲ್ಲ. ಮುಗಿಸೋ ಮನಸ್ಸೂ ಇಲ್ಲ. ಹಾಳೆ ಮೇಲೆ ಹಾಳೆ ಅದೇ ತಪ್ಪು. "ನೀರು ಬೆರೆಸಿದರೆ ಪ್ರಬಲ ಆಮ್ಲ ದುರ್ಬಲವಾಗುತ್ತದೆ." ಆಗಲ್ಲ. ತೆಳುವಾಗುತ್ತೆ ಅಷ್ಟೇ. ಎರಡು ವಾರ ಗಂಟಲು ಹರಕೊಂಡಿದ್ದು ಇದಕ್ಕೇನಾ?

ಬೆಳಗ್ಗೆ ಟಾಲಿಯಾ ಕ್ಲಾಸಲ್ಲೇ ವಾದಕ್ಕೆ ನಿಂತಳು. "ಮಿಸ್, ನಿಂಬೆ ಶರಬತ್ತಿಗೆ ನೀರು ಜಾಸ್ತಿ ಹಾಕಿದ್ರೆ ಸಪ್ಪೆ ಆಗುತ್ತಲ್ಲ, ಆಸಿಡ್ ಯಾಕೆ ಆಗಲ್ಲ?"

"ಎಷ್ಟು ಹಾಕಿದೀವಿ ಅನ್ನೋದು ಒಂದು ಮಾತು. ಹಾಕಿದ್ದು ನೀರಲ್ಲಿ ಎಷ್ಟು ಒಡೆಯುತ್ತೆ ಅನ್ನೋದು ಬೇರೆ ಮಾತು" ಅಂದೆ.

ತಲೆ ಆಡಿಸಿದಳು. ಅರ್ಥವಾಗದವರು ಆಡಿಸ್ತಾರಲ್ಲ, ಹಾಗೆ.

ಹೊರಗೆ ನಲವತ್ತೆರಡು ಡಿಗ್ರಿ; ಅಡಿಲೇಡಿಂದ ದೂರದ ಈ ಊರಲ್ಲಿ ಫೆಬ್ರವರಿ ಅಂದ್ರೆ ಕಡು ಬೇಸಿಗೆ. ಸ್ಟಾಫ್ ರೂಮಿನ ಏಸಿ ಮತ್ತೆ ಕೆಟ್ಟಿದೆ. ಊಟದ ಹೊತ್ತಿಗೆ ಸರಿಯಾಗಿ ನೊಯೆಲೀನ್ ಫೋನು — ಬೆವನ್‌ನ ಅಕ್ಕ. ಬೆವನ್‌ನನ್ನ ಗಂಡ ಅಂತ ಬರೀಬೇಕೋ ಮಾಜಿ ಗಂಡ ಅಂತ ಬರೀಬೇಕೋ ಗೊತ್ತಿಲ್ಲ. ಮನೆ ಬಿಟ್ಟು ವರ್ಷವಾಯ್ತು. ಅಕ್ಕ ತಮ್ಮ ನಡೆಸೋ ಲಾರಿ ತೊಳೆಯೋ ಯಾರ್ಡ್ ಇದೆಯಲ್ಲ, ಅಲ್ಲೇ ಒಂದು ಕ್ಯಾರವಾನಲ್ಲಿ, ಗಾಲಿ ಮೇಲಿನ ಮನೇಲಿ, ಇದ್ದಾನೆ. ಅವನಂತೂ ಫೋನ್ ಮಾಡಲ್ಲ. ನೊಯೆಲೀನ್ ಮಾಡ್ತಾಳೆ. ಇವತ್ತು ಕೇಳಿದ್ದು, ನಾಯಿಗೆ ಉಣ್ಣಿ ಹುಳದ ಮಾತ್ರೆ ಹಾಕಿದ್ಯಾ ಅಂತ. ಹಾಕಿದೀನಿ. ಹೋದ ವಾರವೂ ಹೇಳಿದ್ದೆ.

ಜಗಳವಾಡಿ ಹೋಗಿದ್ದರೆ ಚೆನ್ನಾಗಿತ್ತು. ಬೆವನ್ ಜಗಳ ಆಡಲ್ಲ. ಅವರಪ್ಪ ಸತ್ತ ವಾರ "ಹೇಗಿದೀಯಾ" ಅಂದ್ರೆ "ಪರವಾಗಿಲ್ಲ." ಮಂಡಿ ಊದಿಕೊಂಡು ಕುಂಟುತ್ತಾ ಬಂದ್ರೂ "ಪರವಾಗಿಲ್ಲ." ಗೋಡೆ ಜೊತೆ ಸಂಸಾರ ಮಾಡಿದ ಹಾಗೆ. ಕೊನೆಗೆ ರೋಸಿಹೋಗಿ, ಸ್ವಲ್ಪ ದಿನ ಬೇರೆ ಇರೋಣ ಅಂದೆ. ಅದಕ್ಕೂ "ಪರವಾಗಿಲ್ಲ" ಅಂದು ಬ್ಯಾಗ್ ತುಂಬಿಕೊಂಡ.


ಗುರುವಾರ, ಫೆಬ್ರವರಿ 15

ಬಾಯಿಮಾತಿಗೆ ಬಗ್ಗಲ್ಲ ಇವರು ಅಂತ ಬಲ್ಬು ತಗೊಂಡು ಹೋದೆ. ಎರಡು ಬೀಕರು. ಒಂದರಲ್ಲಿ ಹೈಡ್ರೋಕ್ಲೋರಿಕ್, ಇನ್ನೊಂದರಲ್ಲಿ ವಿನೆಗರಿನ ಆಮ್ಲ. ಎರಡೂ ಅಷ್ಟಷ್ಟೇ ತೆಳು. ತಂತಿ ಇಳಿಬಿಟ್ಟೆ. ಮೊದಲನೇದು ಝಗ್ ಅಂತ ಹತ್ತಿತು. ಎರಡನೇದು ಮಿಣಮಿಣ.

"ಅಳತೆ ಒಂದೇ. ಬೆಳಕು ಯಾಕೆ ಬೇರೆ?"

ಟಾಲಿಯಾ — ಅವಳೇ — ಮೆಲ್ಲಗೆ, "ಮೊದಲನೇದರಲ್ಲಿ ಎಲ್ಲ ಒಡೆದು ಅಯಾನು ಆಗಿದಾವೆ. ಎರಡನೇದರಲ್ಲಿ ಹೆಚ್ಚುಕಮ್ಮಿ ಎಲ್ಲ ಇಡಿಯಾಗೇ ಕೂತಿದಾವೆ. ಕರೆಂಟು ಹೊರೋಕೆ ಆಳಿಲ್ಲ."

ಅಪ್ಪಿಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಕೋಬಿ, ಹಿಂದಿನ ಬೆಂಚಿಂದ, "ಅಂದ್ರೆ ವೀಕ್ ಆಸಿಡ್ ಸೇಫ್. ಸರಿ ತಾನೇ ಮಿಸ್?"

ಬಂತಲ್ಲಪ್ಪ.

ಅಮೋನಿಯಾ ಬಾಟಲಿ ತೆಗೆದೆ. ಇದು ದುರ್ಬಲ ಪ್ರತ್ಯಾಮ್ಲ, ಇದಕ್ಕೂ ಬಲ್ಬು ಮಿಣಮಿಣವೇ, ಬಾ ಮೂಸು ಅಂದೆ. ದೂರದಿಂದ ಒಂದು ಸಲ ಮೂಸಿ, ಕಣ್ಣು ಒರೆಸಿಕೊಂಡು ಹೋಗಿ ಕೂತ. ಕ್ಲಾಸೆಲ್ಲ ನಗು. ನನಗೆ ನಗು ಬರಲಿಲ್ಲ. ವೀಕ್ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ ಸಿಕ್ಕಿದ್ದರೆ...


ಶನಿವಾರ, ಫೆಬ್ರವರಿ 17

ನಾಯಿ ಗ್ರೇವಿಯನ್ನ ಬಿಡೋಕೆ ಯಾರ್ಡಿಗೆ ಹೋಗಿದ್ದೆ. ನಾಯಿ ಒಂದು ವಾರ ನನ್ನ ಹತ್ತಿರ, ಒಂದು ವಾರ ಅವನ ಹತ್ತಿರ. ಎರಡೂ ಕಡೆ ಸಂತೋಷವಾಗಿರೋಳು ಅವಳೊಬ್ಬಳೇ.

ಪಂಪಿನ ಪಕ್ಕ ಹೊಸ ನೀಲಿ ಡ್ರಮ್ಮು. ಅಲ್ಯೂಮಿನಿಯಂ ಚಕ್ರ ಬೆಳ್ಳಗೆ ಹೊಳೆಸೋ ದ್ರಾವಣ ಅಂತೆ. ಮಾರೋಕೆ ಬಂದವನು ಹೇಳಿದನಂತೆ, "ಹಳೇದು ಸ್ಟ್ರಾಂಗ್ ಆಸಿಡ್, ಇದು ವೀಕ್ ಆಸಿಡ್ ಅಷ್ಟೇ, ಕೈಗೆ ಮೆತ್ತಗೆ." ಬಗ್ಗಿ ಚೀಟಿ ಓದಿದೆ. ಹೈಡ್ರೋಫ್ಲೋರಿಕ್.

ನಾಯಿಯನ್ನ ಹಿಂದಕ್ಕೆ ಎಳೆದೆ.

"ಬೆವನ್, ಇದನ್ನ ಮುಟ್ಟಬೇಡ."

"ವೀಕ್ ಕಣೆ. ನೀನೇ ಹೇಳ್ತಿದ್ಯಲ್ಲ, ವೀಕ್ ಅಂದ್ರೆ ಪೂರ್ತಿ ಒಡೆಯಲ್ಲ ಅಂತ."

ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಹೇಳಿದ ಒಂದೇ ಒಂದು ಮಾತು ನೆನಪಿಟ್ಟುಕೊಂಡಿದ್ದಾನೆ. ಅದನ್ನೂ ತಲೆಕೆಳಗಾಗಿ.

"ಒಡೆಯಲ್ಲ, ಅದೇ ತೊಂದರೆ" ಅಂದೆ. "ಸ್ಟ್ರಾಂಗ್ ಆಸಿಡ್ ಮೇಲಿನ ಚರ್ಮದಲ್ಲೇ ಸುಡುತ್ತೆ, ಉರಿಯುತ್ತೆ, ನೀನು ಹಾರಿಬಿದ್ದು ಕೈ ತೊಳ್ಕೋತೀಯಾ. ಇದು ಒಡೆಯದೆ ಇಡಿಯಾಗಿ ಚರ್ಮದೊಳಗೆ ಇಳಿಯುತ್ತೆ. ಏನೂ ಗೊತ್ತಾಗಲ್ಲ. ಒಳಗೆ ಹೋಗಿ ನಿಧಾನಕ್ಕೆ ಒಡೆದು, ಮೂಳೆ, ರಕ್ತದಲ್ಲಿರೋ ಕ್ಯಾಲ್ಸಿಯಂ ಹಿಡಿಯುತ್ತೆ. ಜಾಸ್ತಿಯಾದ್ರೆ ಹೃದಯ ನಿಲ್ಲುತ್ತೆ."

"ಸರಿ ಮಿಸ್" ಅಂದ. ನಾಯಿಯ ಕಿವಿ ತುರಿಸ್ತಾ.

ನೊಯೆಲೀನ್ ಮಾತ್ರ ಸಿಗರೇಟು ಆರಿಸಿ ಎದ್ದು ಬಂದಳು. "ಮದ್ದಿಲ್ವಾ ಇದಕ್ಕೆ?"

ಕ್ಯಾಲ್ಸಿಯಂ ಜೆಲ್ ಇದೆ, ಪಕ್ಕದಲ್ಲಿ ಇಟ್ಟುಕೊಳ್ಳದೆ ಡ್ರಮ್ಮು ತೆಗೀಬಾರದು ಅಂದೆ. ಉತ್ತಮ ಅಂದ್ರೆ ವಾಪಸ್ ಕಳಿಸೋದು. ಬೆವನ್ ಮಾತು ಕೊಟ್ಟ — ಜೆಲ್ ಬರೋವರೆಗೂ ಮುಟ್ಟಲ್ಲ. ಅಡುಗೆಮನೆ ನಲ್ಲಿ ರಿಪೇರಿ ಮಾಡ್ತೀನಿ ಅಂತಲೂ ಮಾತು ಕೊಟ್ಟಿದ್ದ. ಅದು ಈಗಲೂ ತೊಟ್ಟಿಕ್ಕುತ್ತಿದೆ.


ಗುರುವಾರ, ಫೆಬ್ರವರಿ 22

ಪೋಷಕರ ಸಭೆ. ಕೋಬಿಯ ಅಮ್ಮ, "ಅವನು ವೀಕ್ ಮೇಡಂ, ಕೆಮಿಸ್ಟ್ರಿಯಲ್ಲಿ." ಆ ಪದ ಇನ್ನೊಂದು ಸಲ ಕೇಳಿದ್ರೆ ಕಿರುಚಿಬಿಡ್ತೀನಿ.

ನೊಯೆಲೀನ್ ಫೋನು. ಊರಿನ ಔಷಧಿ ಅಂಗಡಿಯಲ್ಲಿ ಜೆಲ್ ಇಲ್ಲ, ಅಡಿಲೇಡಿಂದ ತರಿಸಬೇಕು, ಮುಂದಿನ ವಾರ. ಡ್ರಮ್ಮಿಗೆ ಟಾರ್ಪಾಲು ಹೊದೆಸಿದಾಳಂತೆ. ಬೆವನ್ ಏನಂದ ಅಂದೆ. "ಏನಂತಾನೆ? ಪರವಾಗಿಲ್ಲ ಅಂದ."


ಮಂಗಳವಾರ, ಫೆಬ್ರವರಿ 27, ಸಂಜೆ

ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಬರೀತಿದೀನಿ. ಪೆನ್ನು ಹಾಳೆ ಹರೀತಿದೆ. ಸಿಟ್ಟಿಗೆ. ಸಿಟ್ಟಿಗೇ.

ಮಧ್ಯಾಹ್ನದ ಕ್ಲಾಸಲ್ಲಿ ಫೋನು ಬಿಡದೆ ಗುಂಯ್‌ಗುಟ್ಟಿತು. ನೊಯೆಲೀನ್. ಎತ್ತಬಾರದು ಅಂತಿದ್ದೆ.

"ಮೆರಿನ್, ಇವನ ಬೆರಳು ನೋಡೋಕೆ ಏನೂ ಆಗಿಲ್ಲ. ಆದ್ರೆ ಐಸ್ ಪೆಟ್ಟಿಗೆಯೊಳಗೆ ಕೈ ಇಟ್ಕೊಂಡು ಕೂತಿದಾನೆ. ಸಂಧಿವಾತ ಅಂತಾನೆ. ಉಗುರಿನ ಕೆಳಗೆ ಬಿಳಿಚಿಕೊಂಡಿದೆ."

"ಬೆಳಗ್ಗೆ ಏನು ತೊಳೆದ?"

"ರಾತ್ರಿಯೇ ಹೊರಡಬೇಕಾದ ಲಾರಿ ಒಂದಿತ್ತು. ಚಕ್ರ ಹೊಳೀಬೇಕು ಅಂದ್ರು. ನಾನು ಬ್ಯಾಂಕಿಗೆ ಹೋಗಿದ್ದೆ."

ಕೈ ನಲ್ಲಿ ಕೆಳಗೆ ಹಿಡಿಸು, ಹಾಗೇ ಆಸ್ಪತ್ರೆಗೆ ಕರ್ಕೊಂಡು ಬಾ, ಡ್ರಮ್ಮಿನ ಚೀಟಿಯ ಫೋಟೊ ತಗೋ ಅಂದೆ. ಕ್ಲಾಸನ್ನ ಪಕ್ಕದ ರೂಮಿನವರಿಗೆ ಒಪ್ಪಿಸಿ ಓಡಿದೆ.

ನಾನು ಹೋಗೋ ಹೊತ್ತಿಗೆ ಅವರಿಬ್ಬರೂ ಸಾಲಲ್ಲಿ ಕೂತಿದ್ರು. ನರ್ಸು ಕೈ ನೋಡಿದ್ದಳು — ಬೊಬ್ಬೆ ಇಲ್ಲ, ರಕ್ತ ಇಲ್ಲ. ಏನು ಬಿತ್ತು ಅಂತ ಕೇಳಿದ್ದಕ್ಕೆ ನಮ್ಮ ಮಹಾರಾಯ ಏನು ಹೇಳಿದ ಅಂತೀರಾ. "ವೀಕ್ ಆಸಿಡ್ ಅಷ್ಟೇ. ಅರ್ಜೆಂಟೇನಿಲ್ಲ, ಬೇರೆಯವರನ್ನ ನೋಡಿ." ಮುಖ ಸುಣ್ಣದ ಥರ ಆಗಿತ್ತು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಕೌಂಟರಿಗೆ ಹೋಗಿ ಒಂದೇ ಪದ ಹೇಳಿದೆ. ಹೈಡ್ರೋಫ್ಲೋರಿಕ್. ನರ್ಸು ಎದ್ದೇ ಬಿಟ್ಟಳು. ಡಾಕ್ಟರ್ ಹೆರಾತ್ ಬಂದರು, ಗಿಡ್ಡಗಿನ ಹೆಂಗಸು, ಮಾತು ಕಮ್ಮಿ. ಫೋಟೊ ನೋಡಿ, ವಿಷದ ಮಾಹಿತಿ ಕೇಂದ್ರಕ್ಕೆ ಫೋನ್ ಹಚ್ಚಿಕೊಂಡೇ ಒಳಗೆ ನಡೆಸಿದರು. ಎದೆಗೆ ವೈರುಗಳು. ಕೈಗವಸಿನ ತುಂಬ ಜೆಲ್ ಸುರಿದು ಅದರೊಳಗೆ ಕೈ. ಬೆಳಗ್ಗೆ ಹಾಕಿಕೊಂಡಿದ್ದ ಗ್ಲೌಸಿನ ಬೆರಳ ತುದಿ ಹರಿದಿತ್ತಂತೆ. ಒದ್ದೆ ಅನ್ನಿಸಿತಂತೆ. ಪ್ಯಾಂಟಿಗೆ ಒರೆಸಿಕೊಂಡನಂತೆ.

"ನೀವು ಯಾರು?" ಅಂತ ನರ್ಸು ನನ್ನ ಕೇಳಿದಳು.

"ಹೆಂಡತಿ" ಅಂದೆ. ಬಾಗಿಲಾಚೆ ನಿಲ್ಲಿಸಿಬಿಡ್ತಾರಲ್ಲ ಇಲ್ಲದಿದ್ರೆ.

ಜೆಲ್ಲಿಗೆ ನೋವು ಬಗ್ಗಲಿಲ್ಲ. ಆಮೇಲೆ ಕ್ಯಾಲ್ಸಿಯಂ ಇಂಜೆಕ್ಷನ್ನು, ಬೆರಳಿಗೇ. ಮರಗಟ್ಟಿಸಬಾರದಾ ಅಂದೆ.

"ಮರಗಟ್ಟಿಸಿದ್ರೆ ನಾನು ಕುರುಡಿ" ಅಂದರು ಡಾಕ್ಟರ್. "ನೋವು ಇಳಿದ್ರೆ ಮದ್ದು ಮುಟ್ಟಿದೆ ಅಂತ. ಇಳೀದಿದ್ರೆ ಇನ್ನೂ ತಿನ್ನುತ್ತಾ ಇದೆ ಅಂತ. ಇವರ ಬಾಯಿಂದಲೇ ನನಗೆ ಗೊತ್ತಾಗಬೇಕು." ಅವನ ಕಡೆ ತಿರುಗಿ, "ಹತ್ತಕ್ಕೆ ಎಷ್ಟು ನೋವಿದೆ?"

"ಮೂರು. ಪರವಾಗಿಲ್ಲ."

ಡಾಕ್ಟರ್ ಮುಖದಲ್ಲಿ ಸಮಾಧಾನ. ಇನ್ನೊಂದು ಸೂಜಿ ತುಂಬಿಸ್ತಿದ್ದವರು ಕೆಳಗಿಟ್ಟರು.

ಅವನ ಕಾಲು ನೋಡಿದೆ. ಹೊದಿಕೆ ಕೆಳಗೆ ಬೆರಳು ಮುದುರಿಕೊಂಡಿದ್ದವು, ಹಕ್ಕಿ ಕೊಂಬೆ ಹಿಡಿದ ಹಾಗೆ.

"ಸುಳ್ಳು ಹೇಳ್ತಿದಾನೆ" ಅಂದೆ.

"ಮೆರಿನ್, ಬಿಡು."

"ಬಿಡಲ್ಲ. ಇದು ನನಗೆ ಹೇಳೋ ಪರವಾಗಿಲ್ಲ ಅಲ್ಲ ಬೆವನ್. ನೀನು ಮೂರು ಅಂದ್ರೆ ಇವರು ಇಲ್ಲಿಗೆ ನಿಲ್ಲಿಸ್ತಾರೆ. ಅದು ನಿಲ್ಲಲ್ಲ. ನಿನ್ನ ಎಲುಬಲ್ಲಿ ಇಳೀತಾನೇ ಇರುತ್ತೆ. ಎಷ್ಟು ಅಂತ ಹೇಳು."

ಛಾವಣಿ ನೋಡಿದ.

"ಒಂಬತ್ತು" ಅಂದ. ಆಮೇಲೆ, "ಹತ್ತು. ಬೆಳಗಿಂದ ಹತ್ತೇ ಇದೆ. ಸುತ್ತಿಗೆಯಲ್ಲಿ ಜಜ್ಜಿದ ಹಾಗೆ. ಸತ್ತೋಗ್ತೀನಿ ಅಂತ ಹೆದರಿಕೆಯಾಗ್ತಿದೆ."

ಅತ್ತ. ಅವರಪ್ಪನ ಮಣ್ಣಿನ ದಿನವೂ ಅತ್ತಿರಲಿಲ್ಲ. ನೊಯೆಲೀನ್ ಬಾಗಿಲಾಚೆ ಹೋದಳು. ಡಾಕ್ಟರ್ ಸೂಜಿ ಎತ್ತಿಕೊಂಡರು. ಎದೆಯ ಯಂತ್ರದ ಗೆರೆಯಲ್ಲಿ ಏನೋ ಏರುಪೇರು ಅಂತ ನರ್ಸು ಅಷ್ಟರಲ್ಲೇ ಕರೆದಳು, ರಕ್ತನಾಳಕ್ಕೂ ಕ್ಯಾಲ್ಸಿಯಂ ಏರಿಸಿದರು. ವಿಮಾನದಲ್ಲಿ ಅಡಿಲೇಡಿಗೆ ಕಳಿಸ್ತಾರಂತೆ. ಅಲ್ಲಿ ತೋಳಿಂದ ಬೆರಳಿಗೆ ರಕ್ತ ಒಯ್ಯೋ ಅಪಧಮನಿಗೇ ಮದ್ದು ಬಿಡ್ತಾರಂತೆ.

ಸ್ವಲ್ಪ ಸ್ವಲ್ಪ ಹೊತ್ತಿಗೆ ಕೇಳ್ತಿದಾರೆ. ಹೇಳ್ತಿದಾನೆ. ಎಂಟು. ಎಂಟು. ಏಳು.

ಇಷ್ಟು ವರ್ಷ ನಾನು ಕೇಳಿದ್ದು ಇಷ್ಟೇ ಅಲ್ವಾ. ಒಂದು ಸಂಖ್ಯೆ.


ಶನಿವಾರ, ಮಾರ್ಚ್ 2

ಅಡಿಲೇಡ್. ಹೃದಯ ಸರಿಯಾಗಿದೆ. ತೋರುಬೆರಳಿನ ತುದಿ ಉಳಿಯಲ್ಲ. ಸೋಮವಾರ ತೆಗೀತಾರೆ. ಮಿಕ್ಕ ಬೆರಳು ಉಳೀತವೆ.

ತಿಂಡಿ ತರೋಕೆ ಹೋಗಿ ಬರೋಷ್ಟರಲ್ಲಿ ಬೆವನ್ ಪಕ್ಕದ ಹಾಸಿಗೆಯ ಮುದುಕನಿಗೆ ಪಾಠ ಹೇಳ್ತಿದ್ದ. "ಸ್ಟ್ರಾಂಗ್ ಅಂದ್ರೆ ಗಟ್ಟಿ, ವೀಕ್ ಅಂದ್ರೆ ನೀರು ಜಾಸ್ತಿ..."

ಬಿಸಿ ಪೇಸ್ಟಿ, ಮಾಂಸ ತುಂಬಿದ ಕಡುಬು, ಹಾಸಿಗೆ ಮೇಲಿಟ್ಟು ನಿಂತೆ. ಸತ್ತು ಬದುಕಿ ಬಂದೂ ಅದೇ ತಪ್ಪು.

"ಅದಲ್ಲ ಬೆವನ್."

"ಮತ್ತೆ?"

ಪೇಸ್ಟಿಯ ಕಾಗದದ ಮೇಲೆ ಚುಕ್ಕಿ ಬರೆದು ತೋರಿಸಿದೆ. ಎಲ್ಲ ಒಡೆದಿದ್ದು ಒಂದು ಕಡೆ, ಒಂದೆರಡು ಮಾತ್ರ ಒಡೆದಿದ್ದು ಇನ್ನೊಂದು ಕಡೆ. ಚುಕ್ಕಿ ಕಮ್ಮಿ ಇಟ್ಟರೆ ತೆಳು, ಜಾಸ್ತಿ ಇಟ್ಟರೆ ಗಟ್ಟಿ. ಮುದುಕನಿಗೆ ಮೊದಲು ಅರ್ಥವಾಯ್ತು. ಬೆವನ್ ಮಾತ್ರ ಆ ಕಾಗದ ಹಿಡಿದುಕೊಂಡು ತುಂಬ ಹೊತ್ತು ನೋಡಿದ.

"ನೀನು ಯಾರ್ಡಲ್ಲಿ ಹೇಳಿದಾಗ ಅರ್ಥ ಆಗಿರಲಿಲ್ಲ" ಅಂದ. "ಕೇಳೋಕೆ ನಾಚಿಕೆ ಆಯ್ತು."

ಅರ್ಥ ಆಗ್ಲಿಲ್ಲ ಅಂತ ಒಂದು ಮಾತು ಅಂದಿದ್ರೆ ಬೆರಳು ಉಳೀತಿತ್ತು. ಹಾಗಂತ ಹೇಳಲಿಲ್ಲ. ಪೇಸ್ಟಿ ತುಂಡು ಮಾಡಿ ಕೊಟ್ಟೆ. ಬಾಯಿ ಸುಟ್ಟುಕೊಂಡ.


ಶನಿವಾರ, ಮಾರ್ಚ್ 9

ಕ್ಯಾರವಾನಲ್ಲಿ ಒಂದೇ ಕೈಲಿ ಹೇಗಿರ್ತಾನೆ, ನೊಯೆಲೀನ್ ಮನೆಯಲ್ಲಿ ಜಾಗ ಎಲ್ಲಿದೆ. ಹಿಂದಿನ ರೂಮು ಬಿಟ್ಟುಕೊಟ್ಟಿದೀನಿ. ಬ್ಯಾಂಡೇಜು ಬಿಚ್ಚೋವರೆಗೆ ಮಾತ್ರ. ಸ್ಪಷ್ಟವಾಗಿ ಹೇಳಿದೀನಿ. ಡ್ರಮ್ಮು ವಾಪಸ್ ಹೋಯ್ತು, ನೊಯೆಲೀನ್ ಮಾರಿದವನಿಗೆ ಫೋನಲ್ಲಿ ಚೆನ್ನಾಗಿ ಉಗಿದಳಂತೆ.

ಬಂದು ಅರ್ಧ ದಿನ ಆಗಿಲ್ಲ, ಆಗಲೇ ತಲೆ ಕೆಟ್ಟಿದೆ. ಟವಲು ಮಂಚದ ಮೇಲೆ. ಗ್ರೇವಿ ಸೋಫಾ ಮೇಲೆ. ಈಗ ಅಡುಗೆಮನೆಯಲ್ಲಿ ಬೀಟ್‌ರೂಟಿನ ಡಬ್ಬಿ ಜೊತೆ ಕುಸ್ತಿ. ಒಂದೇ ಕೈ. ಕಟಕಟ, ಜಾರಿತು. ಮತ್ತೆ ಕಟಕಟ.

ಎದ್ದು ಹೋಗಲ್ಲ ನಾನು. ಇಷ್ಟು ವರ್ಷ ಸದ್ದು ಕೇಳಿ ಎದ್ದು ಹೋಗಿದ್ದು ಸಾಕು. ಬೇಕಿದ್ರೆ ಕೇಳಲಿ.

ಬಿತ್ತು. ನೆಲದ ಮೇಲೆ, ಕೆಂಪು ರಸ ಎಲ್ಲ ಹರಡಿರುತ್ತೆ. ನಾಯಿ ನೆಕ್ಕೋ ಸದ್ದು.

ಬಾಗಿಲ ಹತ್ತಿರ ಬಂದಿದ್ದಾನೆ ಅನ್ನಿಸುತ್ತೆ, ನಾನು ತಲೆ ಎತ್ತಿಲ್ಲ.

"ಮೆರಿನ್. ನನ್ನ ಕೈಲಾಗ್ತಿಲ್ಲ. ಸ್ವಲ್ಪ ಬರ್ತೀಯಾ?"

ಬರ್ತೀನಿ ಅಂದೆ. ಹೋಗಿ ಬಂದು ಬರೀತೀನಿ.