ಹೊಲಿಗೆಯವಳೂ ಬೀಗದವರೂ

ಜೂನ್ 3
ಬೆಳಿಗ್ಗೆಯಿಂದ ಮೂರು ಪ್ಯಾಂಟಿನ ಉದ್ದ ಕಮ್ಮಿ ಮಾಡಿದ್ದಾಯ್ತು. ನಾಲ್ಕನೇದು ಎದುರಿನ ಹೊಸ ಅಪಾರ್ಟ್‌ಮೆಂಟ್ ಹುಡುಗಿದು. ಮೊಣಕಾಲ ಹತ್ರ ಹರಿದಿತ್ತು, ಪಾಪ ಅಂತ ನೀಟಾಗಿ ತೇಪೆ ಹಾಕಿದೆ. ಅವಳು ಅದನ್ನ ನೋಡಿ ಅಳೋದೊಂದು ಬಾಕಿ.
"ಆಂಟೀ, ಅದು ಫ್ಯಾಷನ್ನು! ಉದ್ದ ಮಾತ್ರ ನೋಡಿ ಅಂದಿದ್ನಲ್ಲ!"
ಬಿಚ್ಚಿ ಮತ್ತೆ ಹರಿದು ಕೊಟ್ಟೆ. ಇಪ್ಪತ್ತೆರಡು ವರ್ಷದ ಕಸುಬು, ಹೊಲಿದಿದ್ದನ್ನ ಹರಿದು ಶಭಾಷ್ ಅನಿಸ್ಕೊಂಡಿದ್ದು ಇವತ್ತೇ. ಪಕ್ಕದಂಗಡಿ ಬೀಗದವರು—ಕೀ ಮಾಡೋರು—ಬಿದ್ದು ಬಿದ್ದು ನಕ್ಕರು.

ಜೂನ್ 9
ನಮ್ಮ ಬೀದಿಯ ಹಿಟ್ಟಿನ ಗಿರಣಿ ಈಗ ಕಾಫಿ ಶಾಪ್. ಹಳೇ ಮಿಷನ್ನಿಗೆ ಬಣ್ಣ ಬಳಿದು ನಡುಮಧ್ಯೆ ನಿಲ್ಲಿಸಿದ್ದಾರೆ, ಶೋಗೆ. ಗಿರಣಿಯಜ್ಜ ನೋಡೋಕೆ ಹೋದ್ರೆ "ಸರ್, ಪ್ಲೀಸ್ ಮುಟ್ಬೇಡಿ" ಅಂದ್ರಂತೆ. ನಲವತ್ತು ವರ್ಷ ಅದರ ಹೊಟ್ಟೆಯೊಳಗೆ ಕೈಯಾಡಿಸಿದ ಮನುಷ್ಯ!

ಜೂನ್ 10, ಮಧ್ಯಾಹ್ನ
ಓನರ್ ಬಂದಿದ್ರು. ನಮ್ಮಿಬ್ಬರ ಅಂಗಡಿ ಒಡೆದು ಜಿಮ್ ಮಾಡಿಸ್ತಾರಂತೆ. ತಿಂಗಳ ಕೊನೆಗೆ ಖಾಲಿ ಮಾಡ್ಬೇಕು.
ಆಮೇಲೆ ಸೂಜಿಗೆ ದಾರ ಹೋಗ್ಲೇ ಇಲ್ಲ. ಬೀಗದವರು ಎದ್ದು ಬಂದು ಪೋಣಿಸಿ ಕೊಟ್ಟರು.

ಜೂನ್ 24
ಬರೆಯೋಕೆ ಪುರುಸೊತ್ತೇ ಸಿಕ್ಕಿಲ್ಲ. ಬೀದಿಬೀದಿ ಅಲೆದ್ವಿ, ಇಬ್ರೂ ಜೊತೆಗೇ. ಎಲ್ಲಿ ಕೇಳಿದ್ರೂ ಬಾಡಿಗೆ ಮುಗಿಲಲ್ಲಿ. ಕೊನೆಗೆ ಹಿಂದಿನ ಗಲ್ಲಿಯಲ್ಲಿ ಒಂದು ರೂಮ್. ಒಬ್ಬರಿಗೆ ದುಬಾರಿ, ಇಬ್ಬರಿಗೆ ಇಕ್ಕಟ್ಟು.
"ಮಧ್ಯೆ ಪರದೆ ಕಟ್ಟೋಣ," ಅಂದೆ.
"ಪರದೆ ಯಾಕೆ, ಟೈಲರಮ್ಮ?" ಅಂದ್ರು. ಆಮೇಲೆ ಕಿವಿವರೆಗೂ ಕೆಂಪಾಗಿ, "ಅಲ್ಲ... ಗಾಳಿ ಬರಲ್ಲ ಅಂತ."
ನಮ್ಮ ಯಜಮಾನರು ಹೋಗಿ ಹನ್ನೊಂದು ವರ್ಷ. ಇವರ ಹೆಂಡತಿ ಹೋಗಿ ಏಳು. ಇದನ್ನ ಈಗ ಯಾಕೆ ಬರೆದ್ನೋ.

ಜುಲೈ 6
ಹರಿದ ಪ್ಯಾಂಟಿನ ಹುಡುಗಿ ನಮ್ಮ ಹೊಸ ರೂಮಿಗೆ ಹುಡುಕ್ಕೊಂಡು ಬಂದ್ಲು, ನಾಲ್ಕು ಜನ ಗೆಳತಿಯರ ಜೊತೆ! ಅಪಾರ್ಟ್‌ಮೆಂಟಿಗೆಲ್ಲ ನಮ್ಮ ಗಲ್ಲಿ ದಾರಿ ಹೇಳಿದಾಳಂತೆ. ಹೋಗೋವಾಗ ಕೇಳಿದ್ಲು, "ಅಂಕಲ್, ನಿಮ್ಮಿಬ್ರ ಮದುವೆಯಾಗಿ ಎಷ್ಟು ವರ್ಷ ಆಯ್ತು?"
ಇವರು ಕೀ ಉಜ್ಜೋದು ನಿಲ್ಲಿಸಿ, "ಇನ್ನೂ ಕೇಳಿಲ್ಲಮ್ಮ. ಧೈರ್ಯ ಸಾಲ್ತಿಲ್ಲ," ಅಂದ್ರು.
ಪೆಡಲ್ ಮೇಲಿದ್ದ ಕಾಲು ಅಲ್ಲೇ ನಿಂತ್ಹೋಯ್ತು.

ಜುಲೈ 7
ಮಗಳಿಗೆ ಫೋನ್ ಮಾಡಿ ಬೀಗದವರ ಮಾತು ಹೇಳಿದೆ. ಬೈಸ್ಕೊಳ್ಳೋಕೆ ರೆಡಿಯಾಗೇ ಕೂತಿದ್ದೆ.
"ಅಮ್ಮಾ, ಎರಡು ವರ್ಷದಿಂದ ಬರೀ ಅವರ ಸುದ್ದಿನೇ ಹೇಳ್ತಿದೀಯ. ಈಗ ನನ್ನ ಪರ್ಮಿಷನ್ ಬೇರೆ ಬೇಕಾ?"
ಐವತ್ತಮೂರರಲ್ಲಿ ಹೀಗೆ ನಾಚಿಕೆಯಾಗುತ್ತೆ ಅಂತ ಯಾರೂ ಹೇಳಿರಲಿಲ್ಲ.

ಜುಲೈ 8, ಬೆಳಿಗ್ಗೆ 10
ನಾನಿನ್ನೂ ಇವರಿಗೆ ಬಾಯಿಬಿಟ್ಟು ಹೂಂ ಅಂದಿಲ್ಲ. ಬೋರ್ಡ್ ಬರೆಯೋರು ಬಂದಿದ್ದಾರೆ. ಏಣಿ ಮೇಲಿಂದ ಕೇಳ್ತಿದ್ದಾರೆ, "ಏನ್ ಸಾರ್, ಒಂದು ಬೋರ್ಡೋ, ಎರಡೋ?" ಇವರು ಹೊರಗಿಂದ ಕಿಟಕಿಯಲ್ಲಿ ನನ್ನನ್ನೇ ನೋಡ್ತಾ ನಿಂತಿದ್ದಾರೆ, ರಿಸಲ್ಟಿಗೆ ಕಾಯೋ ಹುಡುಗನ ಹಾಗೆ. ಅಯ್ಯೋ, ಪಾಪ. ಒಂದೇ ಬೋರ್ಡ್ ಸಾಕು ಅಂತ ಹೇಳಿ ಬಂದು ಆಮೇಲೆ ಬರೀತೀನಿ.