ಟಗರು ಗೆದ್ದವನ ಕಪ್ಪು

ಸರಗೂರು
೧೨-೪-೧೯೫೯

ಪೂಜ್ಯ ನೀಲಕಂಠಸ್ವಾಮಿ ಮೇಷ್ಟ್ರ ಪಾದಗಳಿಗೆ, ನಿಮ್ಮ ಕೈಯಲ್ಲಿ ಓಡುವುದನ್ನು ಕಲಿತ ನಿಂಗರಾಜು ಬಗ್ಗಿ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಾನು ಸರಗೂರಿನ ಪ್ರೈಮರಿ ಶಾಲೆಯಲ್ಲಿ ಮೇಷ್ಟರಾಗಿ ವರ್ಷ ತುಂಬುತ್ತ ಬಂತು. ಅಪ್ಪ ಈಗ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಅವ್ವನಿಗೆ ಕಣ್ಣು ಸ್ವಲ್ಪ ಮಂಜಾಗಿದೆ, ಆದರೂ ರೊಟ್ಟಿ ತಟ್ಟುವುದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಇಷ್ಟು ವರ್ಷ ನಿಮಗೆ ಒಂದು ಕಾಗದವನ್ನೂ ಬರೆಯದೆ ಇದ್ದದ್ದು ಮರೆತಿದ್ದರಿಂದಲ್ಲ. ಹೇಳಬೇಕಾದ ಮಾತೊಂದು ಇತ್ತು, ಎಲ್ಲಿಂದ ಹಿಡಿದು ಹೇಳಬೇಕೆಂದು ತೋಚುತ್ತಿರಲಿಲ್ಲ. ಇವತ್ತು ಭಾನುವಾರ, ಮನೆಯಲ್ಲಿ ಯಾರೂ ಇಲ್ಲ. ಮೊದಲಿನಿಂದಲೇ ಹೇಳಿಬಿಡುತ್ತೇನೆ.

ನೀವು ನನ್ನನ್ನು ಮೊದಲು ಕಂಡದ್ದು ಮೈದಾನದಲ್ಲಲ್ಲ, ಬಸ್ಸಿನ ಕಿಟಕಿಯಿಂದ. ರಜೆ ಮುಗಿಸಿ ಹುಣಸೂರಿನ ಹಾಸ್ಟೆಲಿಗೆ ಹೊರಟಿದ್ದೆ. ತಲೆಯ ಮೇಲೆ ರಾಗಿಹಿಟ್ಟಿನ ಗಂಟು. ಬಸ್ಸಿನವರು ನಿಲ್ಲಿಸದೆ ಹೋದರು. ಬಿಟ್ಟರೆ ಮಾರನೆಯ ದಿನದವರೆಗೆ ಇನ್ನೊಂದಿಲ್ಲವೆಂದು ಅದರ ಹಿಂದೆಯೇ ಓಡಿದೆ. ಮುಂದಿನ ಊರಿನಲ್ಲಿ ಬಸ್ಸು ನಿಂತಾಗ ನಾನೂ ಅಲ್ಲಿದ್ದೆ. ನೀವು ಪಕ್ಕಕ್ಕೆ ಸರಿದು ಜಾಗ ಕೊಟ್ಟು, ಎಷ್ಟನೇ ಕ್ಲಾಸು ಎಂದು ಕೇಳಿದಿರಿ. ನಾನು ನಿಮ್ಮದೇ ಶಾಲೆಯ ಹುಡುಗನೆಂದು ತಿಳಿದಾಗ ನಿಮಗೆ ನಗು ಬಂತು. ಡ್ರಿಲ್ ಮೇಷ್ಟರಾದ ನಿಮ್ಮ ಕಣ್ಣಿಗೆ ಬೀಳದೆ ಹಿಂದಿನ ಸಾಲಿನಲ್ಲಿ ನಿಲ್ಲುವುದರಲ್ಲಿ ನಾನು ಅಷ್ಟು ಗಟ್ಟಿಗನಾಗಿದ್ದೆ.

ಆಮೇಲೆ ಹಿಂದಿನ ಸಾಲು ತಪ್ಪಿತು. ಬೆಳಗ್ಗೆ ಎದ್ದು ಬಂದು ನೀವೇ ಹಾಸ್ಟೆಲಿನ ಬಾಗಿಲು ತಟ್ಟುತ್ತಿದ್ದಿರಿ. ನಾನು ಮುಷ್ಟಿ ಬಿಗಿದು ಓಡುತ್ತಿದ್ದೆ. "ಏನೋ ಹಿಡ್ಕಂಡಿದ್ದೀಯ ಮುಷ್ಟೀಲಿ? ಬುಡೋ ಅದನ್ನ," ಎನ್ನುತ್ತಿದ್ದಿರಿ. ಅದನ್ನು ಕಲಿಯುವುದಕ್ಕೇ ನನಗೆ ಒಂದು ಮಳೆಗಾಲ ಹಿಡಿಯಿತು.

ಆ ವರ್ಷದ ಸಂಕ್ರಾಂತಿಗೆ ಹನಗೋಡಿನ ಸಿದ್ದಮಲ್ಲಪ್ಪನವರು ಹೊಳೆಯ ದಂಡೆಯಲ್ಲಿ ಓಟದ ಪಂದ್ಯ ಇಟ್ಟರು. ಊರಿನ ದೊಡ್ಡ ರೈತರು, ಖುಷಿಗೆ ಮಾಡಿದ್ದು. ಬಾವುಟ ಬೀಸಿ ಓಟ ಶುರುಮಾಡಿಸಲು ನಿಮ್ಮನ್ನು ಕರೆಸಿದ್ದರು, ನಿಮ್ಮ ಜೊತೆ ನಾನೂ ಬಂದಿದ್ದೆ. ಗೆದ್ದವನಿಗೆ ಒಂದು ಟಗರು. ಗೆದ್ದವನು ನಾನೇ. ಅದನ್ನು ಸರಗೂರಿನ ಕಡೆಯ ಗಾಡಿಯೊಂದರಲ್ಲಿ ಹತ್ತಿಸಿಕೊಂಡು ಊರಿಗೆ ಹೋದಾಗ ಅವ್ವ ಮೊದಲು ನಂಬಲಿಲ್ಲ. ಯಾರದ್ದೋ ಟಗರು ಹೊಡಕೊಂಡು ಬಂದಿದ್ದಾನೆ ಮಗ ಎಂದು ಗಾಬರಿಯಾದಳು. ನಿಜ ತಿಳಿದ ಮೇಲೆ ಅದರ ಹಣೆಗೆ ಅರಿಶಿನ ಹಚ್ಚಿದಳು. ಓಡಿದ್ದಕ್ಕೆ ಯಾರಾದರೂ ಏನಾದರೂ ಕೊಡುತ್ತಾರೆ ಎನ್ನುವುದೇ ನಮ್ಮ ಮನೆಗೆ ಹೊಸದು.

ಅದರ ಮುಂದಿನ ರಾಗಿ ಕೊಯ್ಲಿನ ಹೊತ್ತಿಗೆ ಕೆ.ಆರ್. ನಗರದಲ್ಲಿ ನಾಲ್ಕು ತಾಲ್ಲೂಕುಗಳ ಶಾಲೆಗಳ ಆಟಕೂಟ ನಡೆಯಿತು. ಒಂದು ಮೈಲಿ ಓಟದಲ್ಲಿ ಪಿರಿಯಾಪಟ್ಟಣದ ಬೆಟ್ಟಸ್ವಾಮಿ ನನ್ನ ಹಿಂದೆಯೇ ಬಂದ. ಅವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಗೆದ್ದೆ, ಆದರೆ ಒಂದು ಮೊಳದ ಅಂತರದಲ್ಲಿ. ಸಂಜೆ ಗೆದ್ದವನ ಬೆಳ್ಳಿ ಬಣ್ಣದ ಕಪ್ಪು ಕೈಗೆ ಬಂತು. ಹುಣಸೂರಿನವರೆಗೂ ಬಸ್ಸಿನಲ್ಲಿ ಅದು ಹುಡುಗರೆಲ್ಲರ ತೊಡೆಯ ಮೇಲೆ ಕೂತು ಬಂತು, ನಿಮ್ಮ ತೊಡೆಯ ಮೇಲೂ.

ನಾವು ಬಸ್ಸಿನಲ್ಲಿ ಹಾಡುತ್ತಿದ್ದಾಗಲೇ ಪಿರಿಯಾಪಟ್ಟಣದ ಶಾಲೆಯ ಮೇಷ್ಟರೊಬ್ಬರು ಆಟಕೂಟದ ಸಮಿತಿಗೆ ತಕರಾರು ಬರೆದುಕೊಟ್ಟಾಗಿತ್ತು. ಗೆದ್ದ ಹುಡುಗ ಹವ್ಯಾಸಿಯಲ್ಲ, ಬಹುಮಾನಕ್ಕಾಗಿ ಓಡುವವನು ಎಂದು. ಹವ್ಯಾಸಿ ಎಂಬ ಮಾತನ್ನು ನಾನು ಕೇಳಿದ್ದೇ ಆಗ. ನೀವು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಿರಿ. ದುಡ್ಡನ್ನಾಗಲಿ, ದುಡ್ಡು ಬಾಳುವ ಪದಾರ್ಥವನ್ನಾಗಲಿ ಪಂದ್ಯದಲ್ಲಿ ಗೆದ್ದು ಪಡೆದವನು ಶಾಲೆಗಳ ಆಟಕೂಟದಲ್ಲಿ ಸೇರಬಾರದು, ಹಾಗೆ ಪಡೆದಿಲ್ಲವೆಂದು ನಾನು ರುಜು ಹಾಕಿದ್ದೇನೆ, ಎಂದು. ರುಜು ಹಾಕಿದ್ದೇನೋ ನಿಜ. ಇಂಗ್ಲಿಷಿನ ಕಾಗದ, ನೀವು ಬೆರಳಿಟ್ಟು ತೋರಿಸಿದ ಕಡೆ ಹೆಸರು ಬರೆದಿದ್ದೆ.

ಮುಂದಿನ ಭಾನುವಾರ ಕೆ.ಆರ್. ನಗರದಲ್ಲಿ ವಿಚಾರಣೆ. ಶಾಲೆಯೊಂದರ ಕೊಠಡಿ, ಕಪ್ಪುಹಲಗೆಯ ಮೇಲೆ ಯಾವುದೋ ಲೆಕ್ಕ ಅಳಿಸದೆ ಉಳಿದಿತ್ತು. ಸಮಿತಿಯ ಅಧ್ಯಕ್ಷರು ಪುಟ್ಟಮಲ್ಲಪ್ಪನವರು, ನಿವೃತ್ತ ಮೇಷ್ಟರು, ಮೆತ್ತಗಿನ ಮಾತು. ತಕರಾರು ಕೊಟ್ಟವರು ತಾವು ಕಣ್ಣಾರೆ ಕಂಡಿಲ್ಲ, ಹನಗೋಡಿನ ನೆಂಟರಿಂದ ಕೇಳಿದ್ದು ಎಂದರು. ಗೆದ್ದನೆಂದೇ ಇಟ್ಟುಕೊಂಡರೂ ಟಗರು ದುಡ್ಡಲ್ಲವಲ್ಲ ಎಂದು ನಮ್ಮ ಕಡೆಯ ಒಬ್ಬರು ವಾದ ಮಾಡಿದರು. ಸಂತೆಗೆ ಹೊಡೆದರೆ ಮಧ್ಯಾಹ್ನದೊಳಗೆ ದುಡ್ಡಾಗುತ್ತದೆ ಎಂದರು ಅವರು. ಹಾಗಾದರೆ ಬೆಳ್ಳಿ ಬಣ್ಣದ ಕಪ್ಪನ್ನೂ ಮಾರಬಹುದಲ್ಲ ಎಂದರು ಇವರು. ಪುಟ್ಟಮಲ್ಲಪ್ಪನವರು ಸ್ವಲ್ಪ ಯೋಚಿಸಿ, "ಕಪ್ಪಿನ ಮೇಲೆ ಗೆದ್ದೋನ ಹೆಸರಿರ್ತದೆ ಕಣ್ರೀ. ಅದನ್ನ ಯಾರೂ ಬೇಯಿಸ್ಕಂಡು ತಿನ್ನಲ್ಲ," ಎಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು. ತೀರ್ಮಾನ ಎತ್ತ ವಾಲುತ್ತಿದೆ ಎಂದು ಆಗ ನನಗೆ ಗೊತ್ತಾಗಿರಲಿಲ್ಲ.

ಆದರೆ ಸಾಕ್ಷಿ ಇರಲಿಲ್ಲ. ಟಗರು ಗೆದ್ದದ್ದನ್ನು ಕಂಡವರು ಯಾರೂ ಆ ಕೊಠಡಿಯಲ್ಲಿಲ್ಲ, ನೀವೊಬ್ಬರನ್ನು ಬಿಟ್ಟು. ಕೇಳಿದ ಮಾತನ್ನು ನಂಬಿ ಹುಡುಗನ ಗೆಲುವು ಕಿತ್ತುಕೊಳ್ಳಲು ಬರುವುದಿಲ್ಲ, ಕಂಡವರು ಹೇಳಬೇಕು ಎಂದರು ಅಧ್ಯಕ್ಷರು. ನನ್ನನ್ನೇ ಕೇಳಬಹುದಾಗಿತ್ತು. ಹುಡುಗನ ಬಾಯಿಂದ ಅವನ ಮೇಲೇ ಹೇಳಿಸುವುದು ಬೇಡವೆಂದೋ ಏನೋ, ನಿಮ್ಮ ಕಡೆ ತಿರುಗಿ, ಇದು ನಿಮಗೆ ಗೊತ್ತೇ ಎಂದು ಕೇಳಿದರು. ಗೊತ್ತಿಲ್ಲವೆಂದು ನೀವು ಒಂದು ಮಾತು ಹೇಳಿದ್ದರೆ ತಕರಾರು ಅಲ್ಲಿಗೆ ಬಿದ್ದುಹೋಗುತ್ತಿತ್ತು.

ನೀವು ಎದ್ದು ನಿಂತಿರಿ. "ಗೊತ್ತು. ಬಾವುಟ ಬೀಸಿದ್ದೇ ನಾನು. ಟಗರೂ ಬಹುಮಾನ ಅಂತ ನಂಗೆ ಹೊಳೀಲಿಲ್ಲ. ಹುಡುಗನಿಗಂತೂ ಏನೂ ಗೊತ್ತಿರಲಿಲ್ಲ," ಎಂದಿರಿ. ಹೇಳಿ ಕೂತಿರಿ. ನನ್ನ ಕಡೆ ನೋಡಲಿಲ್ಲ.

ಗೆಲುವು ರದ್ದು, ಕಪ್ಪು ಎರಡನೆಯವನಿಗೆ, ಒಂದು ವರ್ಷ ನಾನು ಯಾವ ಆಟಕೂಟದಲ್ಲೂ ಸೇರಬಾರದು ಎಂದು ತೀರ್ಮಾನವಾಯಿತು. ಸುಳ್ಳು ರುಜು ಹಾಕಿದ ವಿಷಯವನ್ನು ಶಾಲೆಗೆ ತಿಳಿಸುತ್ತೇವೆ, ಅದರ ಶಿಸ್ತು ಶಾಲೆಗೆ ಬಿಟ್ಟದ್ದು ಎಂದೂ ಸೇರಿಸಿದರು. ಆ ಕೊನೆಯ ಮಾತು ಎಷ್ಟು ದೊಡ್ಡದೆಂದು ಶಾಲೆಗೆ ಮರಳಿದ ಮೇಲೆ ತಿಳಿಯಿತು. ಸುಳ್ಳು ರುಜುವಿಗೆ ಒಂದು ಟರ್ಮು ಶಾಲೆಯಿಂದ ಹೊರಗೆ ಹಾಕುವುದು ಹೆಡ್‌ಮಾಸ್ಟರ ಮನಸ್ಸಿನಲ್ಲಿತ್ತು. ಹೊರಗೆ ಹಾಕಿದರೆ ಹಾಸ್ಟೆಲಿನ ಜಾಗ ಹೋಗುತ್ತದೆ. ಹಾಸ್ಟೆಲು ಹೋದರೆ ಓದು ಹೋಗುತ್ತದೆ. ಹೇಳಿ ಕಳಿಸಿದ್ದಕ್ಕೆ ಅಪ್ಪ ಬಂದರು, ಕೈಯಲ್ಲಿ ಕಂಬಳಿ ಸುತ್ತಿದ ಗಂಟು ಹಿಡಿದು. ಅಲ್ಲಿಂದ ನೇರ ಕೊಡಗಿಗೆ ನನ್ನನ್ನೂ ಕರೆದುಕೊಂಡು ಹೋಗಲು ತಯಾರಾಗಿ ಬಂದಿದ್ದರು. "ಓದೋದು ನಮ್ಮಂತೋರಿಗೆ ಆಗ್ಬರಾಕಿಲ್ಲ ಬುಡು ಮಗ," ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹೆಡ್‌ಮಾಸ್ಟರ ಕೋಣೆಯ ಹೊರಗೆ ನಾವಿಬ್ಬರೂ ನಿಂತಿದ್ದೆವು. ಒಳಗೆ ನೀವು ಮಾತಾಡುತ್ತಿದ್ದದ್ದು ಕಿಟಕಿಯಿಂದ ಕೇಳುತ್ತಿತ್ತು. ಮೈದಾನದ ತಪ್ಪಿಗೆ ಮೈದಾನದವರು ಶಿಕ್ಷೆ ಕೊಟ್ಟಾಗಿದೆ, ಅದೇ ತಪ್ಪಿಗೆ ಶಾಲೆ ಮತ್ತೊಂದು ಕೊಡುವುದು ಯಾವ ನ್ಯಾಯ ಎಂದು ಕೇಳಿದಿರಿ. ರುಜುವಿನ ಮಾತು ಬೇರೆ ಎಂದರು ಅವರು. ಆಗ ನಿಮ್ಮ ದನಿ ತಗ್ಗಿತು. "ಸುಳ್ಳು ಹೇಳ್ಬೇಕು ಅಂದ್ರೆ ನಿಜ ಯಾವ್ದು ಅಂತ ಗೊತ್ತಿರ್ಬೇಕು ಸಾರ್. ಓದಿ ಹೇಳ್ದೆ ರುಜು ಹಾಕಿಸಿದೋನು ನಾನು. ಶಿಸ್ತು ಆಗ್ಲೇಬೇಕು ಅಂದ್ರೆ ನನ್ನ ಮೇಲೆ ಆಗ್ಲಿ."

ಆಗಿದ್ದೂ ಹಾಗೆಯೇ. ನನ್ನನ್ನು ಕರೆದು ಎಚ್ಚರಿಕೆ ಕೊಟ್ಟು ಕಳಿಸಿದರು. ಅಪ್ಪ ಗಂಟು ಹೊತ್ತು ಒಬ್ಬರೇ ಕೊಡಗಿಗೆ ಹೋದರು. ನಿಮ್ಮ ಕೈಯಿಂದ ಆಟದ ಜವಾಬ್ದಾರಿ ತೆಗೆದರು, ಬೇಸಿಗೆ ರಜೆ ಮುಗಿಯುವುದರೊಳಗೆ ಮಿರ್ಲೆಯ ಮಿಡ್ಲ್ ಸ್ಕೂಲಿಗೆ ವರ್ಗವಾಯಿತು.

ಇದೆಲ್ಲ ನಿಮಗೆ ಗೊತ್ತಿರುವುದೇ. ನನ್ನೊಳಗೆ ಏನಿತ್ತೆಂದು ಮಾತ್ರ ನಿಮಗೆ ಗೊತ್ತಿಲ್ಲ. ಕಿಟಕಿಯಿಂದ ಅಷ್ಟೆಲ್ಲ ಕೇಳಿದ ಮೇಲೂ ನನಗೆ ನಿಮ್ಮ ಮೇಲೆ ಕೋಪವಿತ್ತು, ಮೇಷ್ಟ್ರೇ. ನನ್ನ ಓದು ಉಳಿಸಿದವರು ನೀವು ಎಂದು ತಲೆಗೆ ಹೊಳೆಯುತ್ತಿತ್ತು. ನನ್ನ ಓಟ ಕಳೆದವರೂ ನೀವೇ ಎಂದು ಹೊಟ್ಟೆ ಉರಿಯುತ್ತಿತ್ತು. ಇಬ್ಬರೂ ಒಬ್ಬರೇ ಆದರೆ ಹದಿನೇಳರ ಹುಡುಗ ಯಾರ ಹತ್ತಿರ ಜಗಳವಾಡಬೇಕು? ನೀವು ಎದುರಿಗೆ ಬಂದರೆ ಶಾಲೆಯ ಅಂಗಳದ ಹುಣಸೆಮರದ ಆಚೆಯಿಂದ ಬಳಸಿಕೊಂಡು ಹೋಗುತ್ತಿದ್ದೆ. ನಿಮಗೂ ಅದು ಕಾಣದೆ ಇರಲಿಲ್ಲ.

ಈಗ ನಿಮಗೆ ಗೊತ್ತಿಲ್ಲದ್ದಕ್ಕೆ ಬರುತ್ತೇನೆ. ಕಪ್ಪನ್ನು ಶಾಲೆಯ ಜವಾನನ ಕೈಯಲ್ಲಿ ಕಳಿಸುವುದೆಂದು ಆಗಿತ್ತು. ನಾನೇ ಕೊಟ್ಟು ಬರುತ್ತೇನೆಂದು ಹೆಡ್‌ಮಾಸ್ಟರನ್ನು ಕೇಳಿಕೊಂಡೆ. ಒಳ್ಳೆಯತನದಿಂದಲ್ಲ. ಕಪ್ಪು ಇಸಕೊಳ್ಳುವಾಗ ಬೆಟ್ಟಸ್ವಾಮಿ ನನ್ನ ಮುಖ ಹೇಗೆ ನೋಡುತ್ತಾನೆ ಎಂದು ನೋಡಬೇಕಾಗಿತ್ತು. ಪಿರಿಯಾಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕೇಳಿಕೊಂಡು ಅವನ ಊರಿಗೆ ನಡೆದೆ. ಕಣದಲ್ಲಿ ರಾಗಿ ಬಡಿಯುತ್ತಿದ್ದವನು ನನ್ನನ್ನು ಕಂಡು ಕೋಲು ಕೆಳಗಿಟ್ಟ. ಟವಲಿನಲ್ಲಿ ಸುತ್ತಿದ್ದ ಕಪ್ಪನ್ನು ನಾನು ಬಿಚ್ಚುವ ಮೊದಲೇ, ಊಟ ಆಯ್ತಾ ಎಂದು ಕೇಳಿದ.

ಅವನ ತಾಯಿ ಶಿವರುದ್ರಮ್ಮನವರು ನನ್ನ ಊರು, ಅಪ್ಪನ ಹೆಸರು ಎಲ್ಲ ವಿಚಾರಿಸಿಕೊಂಡು ಜಗಲಿಯ ಮೇಲೆ ಎಲೆ ಹಾಕಿದರು. ಒಳಗೆ ಕರೆಯಲಿಲ್ಲ. ಬೆಟ್ಟಸ್ವಾಮಿ ಒಳಗೆ ಹಾಕಿದ್ದ ತನ್ನ ಎಲೆಯನ್ನು ಮುದ್ದೆಯ ಸಮೇತ ಎತ್ತಿಕೊಂಡು ಬಂದು ನನ್ನ ಪಕ್ಕ ಕೂತ. ಅವನ ಹಿಂದೆಯೇ ಅವರು ಬಾಗಿಲವರೆಗೆ ಬಂದು ನಿಂತರು. ಆಮೇಲೆ ಇಬ್ಬರ ಎಲೆಗೂ ಬಗ್ಗಿ ಅವರೇ ಸಾರು ಬಿಟ್ಟರು. ನಾನು ನೋಡಬೇಕೆಂದು ಬಂದಿದ್ದ ಮುಖ ಆ ಮನೆಯಲ್ಲಿ ಎಲ್ಲೂ ಇರಲಿಲ್ಲ.

ಉಂಡ ಮೇಲೆ ಕಪ್ಪನ್ನು ಮುಂದಿಟ್ಟೆ. ಅವನು ಮುಟ್ಟಲಿಲ್ಲ. "ತಕರಾರು ಕೊಟ್ಟಿದ್ದು ನಮ್ ಮೇಷ್ಟ್ರು, ನಾನಲ್ಲ ಕಣ್ಲಾ. ನಿನ್ನ ಬೆನ್ನು ನೋಡ್ಕಂಡು ಓಡ್ಬಂದೋನು ನಾನು. ಸಮಿತಿಯೋರು ಕೊಟ್ರು ಅಂತ ಎಂಗ್ಲಾ ತಗಳ್ಳಿ?" ಎಂದ. ತೀರ್ಮಾನವಾಗಿದೆ, ನೀನು ಇಸಕೊಳ್ಳಲೇಬೇಕು ಎಂದೆ. ಅವನು ಎದ್ದು ಪಂಚೆ ಬಿಗಿದ. "ಬಾ, ಓಡಾನ."

ಊರಾಚೆ ಕೆರೆಯಿದೆ. ಏರಿಯ ಮೇಲೆ ತೂಬಿನ ಕಲ್ಲಿನಿಂದ ಕೋಡಿಯವರೆಗೆ ಹೋಗಿ ತಿರುಗಿ ಬರುವುದು ಎಂದು ಮಾತಾಯಿತು. ನೋಡುವವರು ಯಾರೂ ಇರಲಿಲ್ಲ. ಬಾವುಟವಿಲ್ಲ, ಅವನೇ "ಊಂ" ಎಂದ. ಕೋಡಿಯವರೆಗೂ ನಾನೇ ಮುಂದಿದ್ದೆ. ತಿರುಗಿದ ಮೇಲೆ ಬಲಗಡೆ ಅವನ ನೆರಳು ಬಂತು, ಆಮೇಲೆ ಅವನ ಭುಜ ಬಂತು. ಮುಷ್ಟಿ ಬಿಗಿಯಾಗಿರಲಿಲ್ಲ, ಉಸಿರು ಕಟ್ಟಿರಲಿಲ್ಲ, ನೀವು ಹೇಳಿಕೊಟ್ಟದ್ದರಲ್ಲಿ ಒಂದನ್ನೂ ನಾನು ಮರೆತಿರಲಿಲ್ಲ. ತೂಬಿನ ಕಲ್ಲನ್ನು ಅವನು ನನಗಿಂತ ಮೊದಲು ಮುಟ್ಟಿದ. ಬೆಳಗಿನಿಂದ ನಡೆದು ದಣಿದಿದ್ದೆ ಎನ್ನಬಹುದು. ಅವನೂ ಬೆಳಗಿನಿಂದ ರಾಗಿ ಬಡಿದವನೇ.

ಇಬ್ಬರೂ ಏರಿಯ ಮೇಲೆ ಅಂಗಾತ ಬಿದ್ದುಕೊಂಡೆವು. ಆಮೇಲೆ ಅವನು ಕೈ ಚಾಚಿ, "ಈಗ ಕೊಡ್ಲಾ," ಎಂದ. ಕೊಟ್ಟೆ. ಕೊಡುವಾಗ ನನಗೆ ಏನೂ ಅನ್ನಿಸಲಿಲ್ಲ. ಹೊಟ್ಟೆಯ ಉರಿ ಎಲ್ಲಿ ಹೋಯಿತೆಂದು ತಿರುಗಿ ಬರುವ ಬಸ್ಸಿನಲ್ಲಿ ಹುಡುಕಿದೆ, ಸಿಗಲಿಲ್ಲ.

ಅವತ್ತೇ ನಿಮಗೆ ಬಂದು ಹೇಳಬೇಕಾಗಿತ್ತು. ಸೋತೆನೆಂದು ಹೇಳಲು ಆ ವಯಸ್ಸಿಗೆ ಬಾಯಿ ಬರಲಿಲ್ಲ. ಆಮೇಲೆ ನೀವು ಮಿರ್ಲೆಗೆ ಹೊರಟುಹೋದಿರಿ. ವರ್ಷದ ಶಿಕ್ಷೆ ಮುಗಿದ ಮೇಲೆ ಮತ್ತೆ ಓಡಿದೆ, ಒಮ್ಮೆ ನಾನು, ಒಮ್ಮೆ ಬೆಟ್ಟಸ್ವಾಮಿ ಗೆದ್ದೆವು. ಅವನೀಗ ಊರಿನಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ. ಸರಗೂರಿಗೆ ಬಂದರೆ ನಮ್ಮ ಮನೆಯಲ್ಲೇ ಉಳಿಯುತ್ತಾನೆ. ಆಟಕೂಟಕ್ಕೆ ಮಕ್ಕಳ ಕೈಯಲ್ಲಿ ರುಜು ಹಾಕಿಸುವಾಗ ನಾನು ಕಾಗದವನ್ನು ಕನ್ನಡದಲ್ಲಿ ಪೂರ್ತಿ ಹೇಳಿ, ಅವರ ಬಾಯಲ್ಲಿ ತಿರುಗಿ ಹೇಳಿಸಿ, ಆಮೇಲೆ ಪೆನ್ನು ಕೊಡುತ್ತೇನೆ.

ಹೋದ ವಾರ ನಮ್ಮ ಹಾಸ್ಟೆಲಿನ ನಂಜುಂಡಸ್ವಾಮಿ ಸಿಕ್ಕಿದ್ದ. ಅವನೀಗ ಬಸ್ ಕಂಡಕ್ಟರು. ಮಿರ್ಲೆಯಲ್ಲಿ ನಿಮ್ಮನ್ನು ಕಂಡನಂತೆ. ನನ್ನ ವಿಷಯ ಬಂದಾಗ ನೀವು, "ಆ ಹುಡುಗನ ಕಪ್ಪು ನನ್ನ ಬಾಯಿಂದ ಹೋಯ್ತು ಕಣಪ್ಪ," ಎಂದಿರಂತೆ. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಅದಕ್ಕೇ ಇಷ್ಟು ಬರೆದೆ. ನಿಮ್ಮ ಬಾಯಿಂದ ಹೋಗಲಿಲ್ಲ, ಮೇಷ್ಟ್ರೇ. ಕೆರೆ ಏರಿಯ ಮೇಲೆ, ಹಾಡಹಗಲಲ್ಲಿ, ನನ್ನ ಕಾಲಿಂದ ಹೋಯಿತು. ಅದನ್ನು ನೀವು ಹೊತ್ತುಕೊಂಡಿರಬೇಡಿ.

ಬರುವ ತಿಂಗಳು ಬೆಟ್ಟಸ್ವಾಮಿಯ ಮದುವೆ. ಲಗ್ನಪತ್ರಿಕೆ ತಲುಪಿಸಲು ಇಬ್ಬರೂ ಸೇರಿಯೇ ಮಿರ್ಲೆಗೆ ಬರುತ್ತೇವೆ. ಶಿವರುದ್ರಮ್ಮನವರು ನಿಮ್ಮನ್ನು ಕರೆದುಕೊಂಡೇ ಬರಬೇಕೆಂದು ಹೇಳಿಕಳಿಸಿದ್ದಾರೆ. ಅಲ್ಲಿಯವರೆಗೆ ಆರೋಗ್ಯ ನೋಡಿಕೊಳ್ಳಿ. ಬಂದಾಗ ನಮ್ಮಿಬ್ಬರ ತಲೆಯ ಮೇಲೂ ಕೈಯಿಟ್ಟು ಹರಸಿ.

ನಿಮ್ಮ ಎದುರಿಗೆ ಇನ್ನು ಬಳಸಿಕೊಂಡು ಹೋಗದ,
ನಿಂಗರಾಜು